ದುಡ್ಡು ಹೋದರೆ ಯಾರ ಬಾಗಿಲು ಬಡಿಯುವುದು?

ನಮ್ಮ ಮನೆಗಳಲ್ಲಿ ಈಗ ಹೊಸದೊಂದು ಪದ ಓಡಾಡುತ್ತಿದೆ: ಯುಎಸ್‌ಡಿಟಿ. ಗಲ್ಫಿನಲ್ಲಿ ದುಡಿಯುವ ಮಗ ಫೋನಿನಲ್ಲಿ ಅದರ ರೇಟು ಹೇಳುತ್ತಾನೆ, ಕಾಲೇಜಿಗೆ ಹೋಗುವ ತಮ್ಮ ಅದನ್ನು ಬರೆದಿಟ್ಟುಕೊಳ್ಳುತ್ತಾನೆ. ಬಿಟ್‌ಕಾಯಿನ್ ಹೆಸರಂತೂ ಕೇಳಿ ಕೇಳಿ ಹಳತಾಯಿತು. "ಬ್ಯಾಂಕಿಗೆ ಯಾಕೆ ಅಲೆಯೋದು, ಫೋನಲ್ಲೇ ಎರಡು ನಿಮಿಷದ ಕೆಲಸ" ಎಂಬ ಮಾತು ಊರಿನ ಉಮ್ಮಂದಿರ ಕಿವಿಗೂ ಬಿದ್ದಿದೆ. ಹಾಗಾಗಿ ಈ ವಿಷಯವನ್ನು ಹುಡುಗರಿಗೆ ಬಿಟ್ಟು ಸುಮ್ಮನಿರುವ ಕಾಲ ಮುಗಿಯಿತು. ಮನೆಮಂದಿಯೆಲ್ಲ ಕೂತು ಒಮ್ಮೆ ಮಾತಾಡಬೇಕು.

ಜಗತ್ತಿನ ಹಣಕಾಸು ಮುಂದೆ ಏನಾಗುತ್ತದೆ ಎಂಬ ದೊಡ್ಡ ಚರ್ಚೆ ಇಲ್ಲಿ ಬೇಡ. ನಮ್ಮ ಪ್ರಶ್ನೆ ಇಷ್ಟೇ. ತಿಂಗಳ ರೇಷನ್ನು, ಮಕ್ಕಳ ಫೀಸು, ಮಗಳ ಮದುವೆ, ಉಮ್ಮನ ಮದ್ದು – ಇದಕ್ಕೆಲ್ಲ ಎತ್ತಿಟ್ಟ ದುಡ್ಡನ್ನು ಕ್ರಿಪ್ಟೊದಲ್ಲಿ ಇಡಬಹುದೇ, ಅದರ ಮೂಲಕ ಕಳಿಸಬಹುದೇ? ಬೇಡ ಎನ್ನುತ್ತೇವೆ ನಾವು. ಬ್ಯಾಂಕಿನ ಮೇಲಿನ ಪ್ರೀತಿಯಿಂದ ಹೀಗೆ ಹೇಳುತ್ತಿಲ್ಲ. ದುಡ್ಡು ಹೋದಾಗ ಹೋಗಿ ಕೇಳಲು ಒಂದು ಬಾಗಿಲು ಇರಬೇಕು ಎಂಬ ಒಂದೇ ಕಾರಣಕ್ಕೆ.

ಬ್ಯಾಂಕಿನ ಮೇಲೆ ಯಾಕೆ ಸಿಟ್ಟು?

ಹುಡುಗರ ಸಿಟ್ಟಿಗೆ ಕಾರಣವಿದೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ಬಡವನ ಖಾತೆಯಿಂದಲೇ ದಂಡ ಮುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಕೆವೈಸಿ ಕೊಟ್ಟು ಬಂದ ಮೇಲೂ ಮತ್ತೆ ಕೆವೈಸಿ ಎನ್ನುತ್ತಾರೆ. ಕೌಂಟರಿನಲ್ಲಿ ಕೂತವರಿಗೆ ಕನ್ನಡ ಬಾರದು, ನಮ್ಮ ಹಿರಿಯರಿಗೆ ಹಿಂದಿ ಬಾರದು. ಬಡ್ಡಿ ಬೇಡ ಎನ್ನುವವರಿಗೆ ಬೇರೆ ದಾರಿಯೂ ಇಲ್ಲ. ರಘುರಾಮ್ ರಾಜನ್ ನೇತೃತ್ವದ ಸಮಿತಿ 2008ರಲ್ಲೇ ಬಡ್ಡಿರಹಿತ ಬ್ಯಾಂಕಿಂಗ್ ಬಗ್ಗೆ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಕೈಬಿಟ್ಟಿತು.

ಇದರ ಮೇಲೆ ಇನ್ನೊಂದು ಬೇಸರ. ಬ್ಯಾಂಕ್ ಎಂಬುದು ನಮ್ಮ ಕರಾವಳಿಗೆ ಹೊರಗಿನಿಂದ ಬಂದದ್ದಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್ ಅವರು 5,000 ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನ ಅಲ್ಲಿ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಜಾತಿ ಮತ ನೋಡದೆ ಎಲ್ಲ ವರ್ಗದ ಜನರಿಗೂ ಉಳಿತಾಯದ ಅಭ್ಯಾಸ ಆಗಬೇಕು ಎಂಬುದೇ ಅದರ ಉದ್ದೇಶವಾಗಿತ್ತು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದ. ಈಗ ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು 2020ರಲ್ಲಿ ಬೇರೆ ಬ್ಯಾಂಕ್‌ಗಳಲ್ಲಿ ವಿಲೀನವಾದವು. ಪರಿಚಯದ ಮುಖ ಇಲ್ಲದ ಕೌಂಟರಿಗಿಂತ ಮೊಬೈಲೇ ವಾಸಿ ಎಂದು ಹುಡುಗರಿಗೆ ಅನಿಸಿದರೆ ತಪ್ಪು ಹುಡುಗರದ್ದು ಮಾತ್ರವೇ?

ಕ್ರಿಪ್ಟೊ ಹುಟ್ಟಿದ್ದೂ ಬ್ಯಾಂಕಿನ ಮೇಲಿನ ಅಪನಂಬಿಕೆಯಿಂದಲೇ. ಅಮೆರಿಕದ ದೊಡ್ಡ ಬ್ಯಾಂಕ್‌ಗಳು ಮುಳುಗಿದ 2008ರಲ್ಲಿ ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಯಾರೋ ಬಿಟ್‌ಕಾಯಿನ್‌ನ ಯೋಜನೆ ಬರೆದರು. 2009ರ ಜನವರಿಯಲ್ಲಿ ಅದು ಚಾಲನೆಗೆ ಬಂತು. ನಡುವೆ ಬ್ಯಾಂಕ್ ಇಲ್ಲ, ಮ್ಯಾನೇಜರ್ ಇಲ್ಲ. ಲೆಕ್ಕದ ಪುಸ್ತಕ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೇ ಇರುತ್ತದೆ. ಯಾರು ಯಾರಿಗೆ ಬೇಕಾದರೂ ಕಳಿಸಬಹುದು, ರಜೆಯಿಲ್ಲ, ಸಾಲಿಲ್ಲ. ಯುಎಸ್‌ಡಿಟಿ ಎಂಬುದು ಬೆಲೆಯನ್ನು ಒಂದು ಡಾಲರಿಗೆ ಕಟ್ಟಿಹಾಕಿದ ಒಂದು ಜಾತಿಯ ಕ್ರಿಪ್ಟೊ. ಇವೆಲ್ಲ ಕೆಲಸ ಮಾಡುವುದು ಸುಳ್ಳಲ್ಲ. ಎಡವಟ್ಟಾದಾಗ ಏನು ಮಾಡುವುದು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ.

ಎಡವಟ್ಟಾದಾಗ

ವಿಳಾಸ ತಪ್ಪಿ ಕ್ರಿಪ್ಟೊ ಬೇರೆ ಕಡೆ ಹೋಯಿತೆನ್ನಿ. ಅದನ್ನು ವಾಪಸ್ ತರುವ ಅಧಿಕಾರ ಯಾರಿಗೂ ಇಲ್ಲ. ಬ್ಯಾಂಕಿನಲ್ಲಿ ಹಾಗಾದರೆ ಅರ್ಜಿ ಕೊಡಬಹುದು, ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕೆಲಸ ನಿಧಾನ, ಅಲೆದಾಟ ಇದೆ. ಆದರೂ ಬಾಗಿಲು ಇದೆ.

ಇನ್ನು ಬ್ಯಾಂಕೇ ಮುಳುಗಿದರೆ? ಮುಳುಗಿವೆ. ಪಿಎಂಸಿ ಬ್ಯಾಂಕಿನ ಗ್ರಾಹಕರು 2019ರಲ್ಲಿ ಪಟ್ಟ ಪಾಡು ದೇಶವೇ ನೋಡಿದೆ. ಅದರ ನಂತರ, 2020ರ ಫೆಬ್ರವರಿಯಿಂದ, ಪ್ರತಿ ಬ್ಯಾಂಕಿನಲ್ಲೂ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಸಿಗುವಂತಾಯಿತು. ಮೊದಲು ಅದು ಒಂದೇ ಲಕ್ಷ ಇತ್ತು. ಕ್ರಿಪ್ಟೊ ಎಕ್ಸ್‌ಚೇಂಜ್‌ಗಳಿಗೆ ಇಂಥ ವಿಮೆ ಇಲ್ಲ. 2024ರ ಜುಲೈಯಲ್ಲಿ ಭಾರತದ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಒಂದಾದ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿನಷ್ಟು ಕ್ರಿಪ್ಟೊ ಕಳವಾಯಿತು. ಗ್ರಾಹಕರು ತಮ್ಮ ಕ್ರಿಪ್ಟೊ ಹಿಂಪಡೆಯಲು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಇದಕ್ಕಿಂತ ದೊಡ್ಡದು ಮರಣದ ವಿಷಯ. ಬ್ಯಾಂಕಿನಲ್ಲಿ ನಾಮಿನಿ ಇರುತ್ತಾರೆ. ಯಾರಿಗೂ ಗೊತ್ತಿಲ್ಲದೆ ಉಳಿದ ಹಳೆಯ ಖಾತೆಯನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ 'ಉದ್ಗಮ್' ಎಂಬ ಪೋರ್ಟಲ್ ಕೂಡ ತೆರೆದಿದೆ. ಆದರೆ ಸ್ವಂತ ವ್ಯಾಲೆಟ್‌ನಲ್ಲಿ ಇಟ್ಟ ಕ್ರಿಪ್ಟೊದ ಕೀಲಿ ಎಂದರೆ ಹನ್ನೆರಡೋ ಇಪ್ಪತ್ನಾಲ್ಕೋ ಇಂಗ್ಲಿಷ್ ಪದಗಳ ಒಂದು ಸಾಲು. ಅದು ಗೊತ್ತಿದ್ದವನು ಗಲ್ಫಿನ ರಸ್ತೆಯಲ್ಲಿ ಅಪಘಾತದಲ್ಲಿ ತೀರಿಕೊಂಡರೆ ಆ ದುಡ್ಡು ಇದ್ದೂ ಇಲ್ಲದಂತೆ. ಮಯ್ಯಿತ್ತಿನ ಸಾಲ ತೀರಿಸಬೇಕು, ಆಮೇಲೆ ಹೆಂಡತಿಗೆ, ಮಕ್ಕಳಿಗೆ, ತಾಯಿ ತಂದೆಗೆ ಅವರವರ ಪಾಲು ಹೋಗಬೇಕು. ಎಲ್ಲಿದೆ, ಎಷ್ಟಿದೆ ಎಂದೇ ಗೊತ್ತಿಲ್ಲದ ದುಡ್ಡಿನಲ್ಲಿ ಪಾಲು ಮಾಡುವುದು ಹೇಗೆ? ವ್ಯಾಲೆಟ್ ಇಟ್ಟುಕೊಂಡ ಎಷ್ಟು ಯುವಕರು ಮನೆಯವರಿಗೆ ಅದನ್ನು ಹೇಳಿದ್ದಾರೆ?

ದಿನಬಳಕೆಗೆ ಆಗುತ್ತದೆಯೇ?

2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 69,000 ಡಾಲರ್ ಇತ್ತು. ಒಂದು ವರ್ಷ ಕಳೆದು ನೋಡಿದರೆ 16,000ದ ಆಸುಪಾಸು. ಮದುವೆಗೆಂದು 4 ಲಕ್ಷ ಹಾಕಿದವನ ಕೈಯಲ್ಲಿ ನಿಕಾಹ್‌ನ ದಿನ ಒಂದು ಲಕ್ಷ. 2024ರ ಕೊನೆಗೆ ಬೆಲೆ ಒಂದು ಲಕ್ಷ ಡಾಲರ್ ದಾಟಿತು, ಅದೂ ನಿಜ. ಆದರೆ ಮದುವೆಯ ತಾರೀಕು, ಆಸ್ಪತ್ರೆಯ ಬಿಲ್ಲು ಬಿಟ್‌ಕಾಯಿನ್ ಏರುವವರೆಗೆ ಕಾಯುವುದಿಲ್ಲ.

ಕಾನೂನೂ ಅದನ್ನು ಹಣವೆಂದು ಒಪ್ಪಿಲ್ಲ. ರಿಸರ್ವ್ ಬ್ಯಾಂಕ್ 2018ರಲ್ಲಿ ಹಾಕಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಹಾಗಾಗಿ ಇಟ್ಟುಕೊಳ್ಳುವುದು ಅಪರಾಧವಲ್ಲ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30 ತೆರಿಗೆ ಇದೆ, ಅದೇ ಜುಲೈನಿಂದ ಮಾರಾಟದ ಮೊತ್ತದ ಮೇಲೆ ಶೇ. 1 ಟಿಡಿಎಸ್ ಕೂಡ ಬಂತು. ಒಂದರಲ್ಲಿ 20,000 ಲಾಭ, ಇನ್ನೊಂದರಲ್ಲಿ 20,000 ನಷ್ಟ ಆಯಿತೆಂದರೆ ನಿಮ್ಮ ಲೆಕ್ಕಕ್ಕೆ ಸೊನ್ನೆ. ಸರಕಾರದ ಲೆಕ್ಕಕ್ಕೆ ಲಾಭದ ಮೇಲೆ 6,000 ರೂಪಾಯಿ ತೆರಿಗೆ, ಜೊತೆಗೆ ಸೆಸ್. ನಷ್ಟವನ್ನು ಕಳೆಯಲು ಬಿಡುವುದಿಲ್ಲ. ಬಿಟ್‌ಕಾಯಿನ್ ಕೊಟ್ಟು ಬಂಗುಡೆ ತಂದರೂ ಅದು ತೆರಿಗೆಯ ಲೆಕ್ಕಕ್ಕೆ ಬರುವ ವ್ಯವಹಾರವೇ. ಯುಪಿಐಯಲ್ಲಿ ಮೀನಿನವನಿಗೆ 200 ರೂಪಾಯಿ ಹಾಕಿದರೆ ಈ ತಲೆನೋವು ಯಾವುದೂ ಇಲ್ಲ.

ಒಂದು ದೇಶ ಇದನ್ನು ಮಾಡಿಯೂ ನೋಡಿದೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ನಮ್ಮ ಹಾಗೆಯೇ ಪರದೇಶದ ದುಡಿಮೆಯನ್ನು ನಂಬಿದ ದೇಶ. ಮಕ್ಕಳು ಅಮೆರಿಕದಲ್ಲಿ ದುಡಿಯುತ್ತಾರೆ, ಮನೆಗಳು ಊರಲ್ಲಿ ನಡೆಯುತ್ತವೆ. 2021ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರಕಾರ ಬಿಟ್‌ಕಾಯಿನ್‌ಗೆ ಕಾನೂನಿನ ಮಾನ್ಯತೆ ಕೊಟ್ಟಿತು, ಮೊಬೈಲ್ ವ್ಯಾಲೆಟ್ ಹಾಕಿಕೊಂಡವರಿಗೆ 30 ಡಾಲರ್ ಕೊಟ್ಟಿತು. ದುಡ್ಡು ಕಳಿಸುವ ಖರ್ಚು ಉಳಿಯುತ್ತದೆ ಎಂಬುದೇ ದೊಡ್ಡ ಆಸೆಯಾಗಿತ್ತು. ಜನ 30 ಡಾಲರ್ ತೆಗೆದುಕೊಂಡರು, ಬಹುಪಾಲು ಮಂದಿ ಆಮೇಲೆ ಅತ್ತ ತಲೆ ಹಾಕಲಿಲ್ಲ. ಪರದೇಶದಿಂದ ಬರುವ ಹಣದಲ್ಲಿ ಕ್ರಿಪ್ಟೊದ ಮೂಲಕ ಬಂದದ್ದು ತೀರ ಸಣ್ಣ ಪಾಲು. ಕೊನೆಗೆ 2025ರ ಜನವರಿಯಲ್ಲಿ ಕಾನೂನು ತಿದ್ದಿ, ವ್ಯಾಪಾರಿಗಳು ಅದನ್ನು ಸ್ವೀಕರಿಸಲೇಬೇಕು ಎಂಬ ನಿಯಮವನ್ನು ತೆಗೆದುಹಾಕಿದರು.

ನಿಜವಾದ ಗಂಡಾಂತರ

ಬೆಲೆ ಬಿದ್ದರೆ ದುಡ್ಡು ಮಾತ್ರ ಹೋಗುತ್ತದೆ. ನಾವು ಹೆದರುವುದು ಬೇರೆಯದಕ್ಕೆ, ಹುಡುಗರ ಹೆಸರು ಹೋಗುವುದಕ್ಕೆ.

ಅದು ನಡೆಯುವುದು ಹೀಗೆ. ಅಣ್ಣ ಗಲ್ಫಿನಲ್ಲಿ ದಿರ್ಹಮ್ ಕೊಟ್ಟು ಯುಎಸ್‌ಡಿಟಿ ಕೊಂಡು ಊರಲ್ಲಿರುವ ತಮ್ಮನ ವ್ಯಾಲೆಟ್‌ಗೆ ಕಳಿಸುತ್ತಾನೆ. ತಮ್ಮ ಅದನ್ನು ಆ್ಯಪ್‌ನಲ್ಲೋ ಟೆಲಿಗ್ರಾಂನಲ್ಲೋ ಸಿಕ್ಕ ಅಪರಿಚಿತನಿಗೆ ಮಾರುತ್ತಾನೆ. ಆತ ರೂಪಾಯಿಯನ್ನು ನೇರ ತಮ್ಮನ ಬ್ಯಾಂಕ್ ಖಾತೆಗೆ ಹಾಕುತ್ತಾನೆ. ಡಾಲರಿಗೆ ಬ್ಯಾಂಕ್ ರೇಟಿಗಿಂತ ಸ್ವಲ್ಪ ಜಾಸ್ತಿ ಸಿಕ್ಕಿತು ಎಂದು ಇಬ್ಬರಿಗೂ ಖುಷಿ. ಆದರೆ ಆ ಅಪರಿಚಿತ ಜಾಸ್ತಿ ಯಾಕೆ ಕೊಡುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ಕಳ್ಳರೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲೋ ಒಬ್ಬ ನಿವೃತ್ತ ಮೇಷ್ಟ್ರನ್ನು 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ದೋಚಿದ ದುಡ್ಡೂ ಇದೇ ದಾರಿಯಲ್ಲಿ ಬರುತ್ತದೆ. ಆ ಮೇಷ್ಟ್ರು 1930ಕ್ಕೆ ದೂರು ಕೊಟ್ಟರೆ ಹಣ ದಾಟಿದ ಒಂದೊಂದೇ ಖಾತೆಗೆ ತಡೆ ಬೀಳುತ್ತಾ ಬರುತ್ತದೆ. ನಿಮ್ಮ ಮಗನ ಖಾತೆಗೂ ಬೀಳುತ್ತದೆ. ಹೊರರಾಜ್ಯದ ಪೊಲೀಸ್ ಠಾಣೆಯಿಂದ ನೋಟಿಸ್ ಬಂದಾಗ ಅವನು "ನಾನು ಯುಎಸ್‌ಡಿಟಿ ಮಾರಿದ್ದು ಮಾತ್ರ" ಎನ್ನುತ್ತಾನೆ. ಕೊಂಡವನ ನಿಜವಾದ ಹೆಸರೂ ಅವನಿಗೆ ಗೊತ್ತಿರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಖಾತೆಯನ್ನೇ ಬಾಡಿಗೆಗೆ ಕೊಡುವ ದಂಧೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟರೆ ಕೆಲವು ಸಾವಿರ ರೂಪಾಯಿ ಕಮಿಷನ್ ಎನ್ನುತ್ತಾರೆ. ಹುಡುಗ ತನಗೆ ಬೇಕಾದ ಫೋನಿನ ದುಡ್ಡು ಸಿಕ್ಕಿತೆಂದುಕೊಳ್ಳುತ್ತಾನೆ. ಕಳ್ಳ ದುಡ್ಡು ಆ ಖಾತೆಗೆ ಬಂದು, ಕ್ರಿಪ್ಟೊ ಆಗಿ ದೇಶ ಬಿಟ್ಟು ಹೋಗುತ್ತದೆ. ಪೊಲೀಸರ ಕೈಗೆ ಸಿಗುವ ಹೆಸರು, ವಿಳಾಸ ಖಾತೆ ಕೊಟ್ಟವನದು. ಅದೇ ಹುಡುಗನಿಗೆ ನಾಳೆ ಗಲ್ಫಿಗೆ ಹೋಗಲು ಪಾಸ್‌ಪೋರ್ಟ್ ಬೇಕು, ಪೊಲೀಸ್ ಕ್ಲಿಯರೆನ್ಸ್ ಬೇಕು. ಒಂದು ಕೇಸು ಇದ್ದರೆ ಎಷ್ಟು ಮನೆಗಳ ಅನ್ನದ ದಾರಿ ಮುಚ್ಚುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

'ಹಲಾಲ್' ಎಂಬ ಬೋರ್ಡು

ಕ್ರಿಪ್ಟೊ ಬಗ್ಗೆ ಆಲಿಮರಲ್ಲೂ ಒಂದೇ ಅಭಿಪ್ರಾಯವಿಲ್ಲ. ಈಜಿಪ್ಟಿನ ಗ್ರ್ಯಾಂಡ್ ಮುಫ್ತಿ 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರ ಸಲ್ಲದು ಎಂದರು. ಮಲೇಷ್ಯಾದ ಸೆಕ್ಯುರಿಟೀಸ್ ಕಮಿಷನ್‌ನ ಶರಿಯಾ ಸಲಹಾ ಮಂಡಳಿ 2020ರಲ್ಲಿ ಷರತ್ತುಗಳೊಂದಿಗೆ ಆಗಬಹುದು ಎಂದಿತು. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ, ನಿಮ್ಮ ಉಸ್ತಾದರನ್ನು ಕೇಳಿ. ನಾವು ಎಚ್ಚರಿಸುವುದು ಆ ಹೆಸರಿನ ವ್ಯಾಪಾರದ ಬಗ್ಗೆ. ಬಡ್ಡಿಯಿಲ್ಲ, ಹಲಾಲ್ ಲಾಭ ಎಂದು ನಂಬಿಸಿದ ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಮುಸ್ಲಿಂ ಮನೆಗಳ ಉಳಿತಾಯ, ಮದುವೆಯ ಚಿನ್ನ ಹೋಯಿತು. ಈಗ ಅದೇ ಮಾತು 'ಹಲಾಲ್ ಕಾಯಿನ್' ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ತಿಂಗಳಿಗೆ ಇಷ್ಟು ಲಾಭ ಖಚಿತ, ಇನ್ನಿಬ್ಬರನ್ನು ಸೇರಿಸಿದರೆ ಇನ್ನಷ್ಟು ಎಂದು ಯಾರು ಹೇಳಿದರೂ, ಅವರು ಸಂಬಂಧಿಕರೇ ಆಗಿರಲಿ, ಅಲ್ಲಿಂದ ಎದ್ದು ಬನ್ನಿ.

ನಾವು ಮಾಡಬೇಕಾದ್ದು

ಗಲ್ಫಿನ ದುಡ್ಡು ಬ್ಯಾಂಕ್ ಅಥವಾ ಲೈಸೆನ್ಸ್ ಇರುವ ಎಕ್ಸ್‌ಚೇಂಜ್ ಹೌಸ್ ಮೂಲಕವೇ ಬರಲಿ. ಆ ರಸೀದಿ, ಆ ಸ್ಟೇಟ್‌ಮೆಂಟ್ ನಾಳೆ ಜಾಗ ಕೊಳ್ಳುವಾಗ, ಸಾಲ ಕೇಳುವಾಗ, ತೆರಿಗೆಯವರು ವಿಚಾರಿಸಿದಾಗ ನಿಮ್ಮ ಪರವಾಗಿ ಮಾತಾಡುತ್ತದೆ. ಈಗಾಗಲೇ ಕ್ರಿಪ್ಟೊ ಇಟ್ಟವರು ಮನೆಯ ಒಬ್ಬ ನಂಬಿಗಸ್ತರಿಗೆ ಅದನ್ನು ತಿಳಿಸಿಡಿ. ಹೋದರೂ ಮನೆ ನಿಲ್ಲಬಾರದು, ಅಷ್ಟು ಮಾತ್ರ ಅದರಲ್ಲಿರಲಿ.

ಜಮಾಅತ್ ಕಮಿಟಿಗಳು ವರ್ಷಕ್ಕೊಮ್ಮೆಯಾದರೂ ಬ್ಯಾಂಕಿನವರನ್ನು, ಸೈಬರ್ ಠಾಣೆಯವರನ್ನು ಕರೆಸಿ ಹುಡುಗರ ಜೊತೆ ಕೂರಿಸಲಿ. ಹೆಂಗಸರಿಗೂ ಆ ಸಭೆಯಲ್ಲಿ ಜಾಗ ಇರಲಿ, ಮನೆಗೆ ಬಂದ ದುಡ್ಡನ್ನು ಲೆಕ್ಕ ಹಾಕಿ ನಡೆಸುವವರು ಅವರೇ. ಬ್ಯಾಂಕಿನವರನ್ನೂ ನಾವು ಸುಮ್ಮನೆ ಬಿಡಬೇಕಾಗಿಲ್ಲ. ಕೌಂಟರಿನಲ್ಲಿ ಕನ್ನಡ ಇರಲಿ, ತಡೆ ಹಾಕಿದ ಖಾತೆಗೆ ಕಾರಣವನ್ನು ಬರೆದು ಕೊಡಲಿ, ತಕರಾರಿನ ಮೊತ್ತ ಬಿಟ್ಟು ಉಳಿದದ್ದನ್ನು ಬಳಸಲು ಬಿಡಲಿ, ಬಡ್ಡಿ ಬೇಡದವರಿಗೆ ಒಂದು ದಾರಿ ಮಾಡಲಿ. ನೂರಹತ್ತೊಂಬತ್ತು ವರ್ಷಗಳಿಗೂ ಹಿಂದೆ ಬ್ಯಾಂಕ್ ಕಟ್ಟಿದ ಕರಾವಳಿಗೆ ಇಷ್ಟು ಕೇಳುವ ಹಕ್ಕಿದೆ.

ಇವೆಲ್ಲಕ್ಕೂ ಮೊದಲು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನು ಗದರದೆ ಒಂದು ಮಾತು ಕೇಳಿ: ನಿನ್ನ ಎಟಿಎಂ ಕಾರ್ಡ್, ಸಿಮ್, ಪಾಸ್‌ಬುಕ್ ಬೇರೆ ಯಾರ ಕೈಯಲ್ಲಾದರೂ ಇದೆಯಾ? ಇದೆ ಎಂದರೆ ನಾಳೆ ಬೆಳಿಗ್ಗೆಯೇ ಅವನ ಜೊತೆ ಬ್ಯಾಂಕಿಗೆ ಹೋಗಿ.