ಟೈರಿನ ಮೇಲಿನ ಒಂದು ಅಕ್ಷರ

ಸವೆದ ಟೈರಿಗೆ ಬದಲಾಗಿ ಹೊಸದನ್ನು ಕೊಳ್ಳುವವರು ಬೆಲೆಯನ್ನು ವಿಚಾರಿಸುತ್ತಾರೆ, ಅಳತೆಯನ್ನು ನೋಡುತ್ತಾರೆ. ಅಳತೆಯ ಕೊನೆಯಲ್ಲಿರುವ ಅಕ್ಷರವನ್ನು ಮಾತ್ರ ಲೆಕ್ಕಿಸುವುದಿಲ್ಲ. ‘185/65 ಆರ್ 15 88 ಎಚ್’ ಎಂಬ ಬರಹದಲ್ಲಿ 88 ಎಂಬುದು ಟೈರು ಹೊರಬಲ್ಲ ಭಾರವನ್ನೂ ‘ಎಚ್’ ಎಂಬುದು ಅದು ತಾಳಬಲ್ಲ ವೇಗವನ್ನೂ ಸೂಚಿಸುತ್ತವೆ. ‘ಎಸ್’ ಎಂದರೆ ಗಂಟೆಗೆ 180 ಕಿಲೋಮೀಟರು, ‘ಟಿ’ ಎಂದರೆ 190, ‘ಎಚ್’ ಎಂದರೆ 210.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೇ ವೇಗದ ಮಿತಿ 100 ಆಗಿರುವಾಗ 210ರ ಟೈರೇಕೆ, ಅಗ್ಗದ ‘ಎಸ್’ ಸಾಲದೆ, ಎಂಬ ವಾದವುಂಟು. ಈ ವಾದ ಸರಿಯಲ್ಲ. ಟೈರಿನ ನಿಜವಾದ ಶತ್ರು ಉಷ್ಣ. ಮೇಲೆ ಹೇಳಿದ ಅಳತೆಯ ಟೈರು 100 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲಿಯೂ ರಬ್ಬರು ನೆಲಕ್ಕೊತ್ತಿ ಚಪ್ಪಟೆಯಾಗಿ ಮತ್ತೆ ಪೂರ್ವಸ್ಥಿತಿಗೆ ಬರುತ್ತದೆ. ಹೀಗೆ ಬಾಗುವುದಕ್ಕೆ ವ್ಯಯವಾದ ಶಕ್ತಿಯಲ್ಲಿ ಒಂದಂಶ ಶಾಖವಾಗಿ ಪರಿಣಮಿಸುತ್ತದೆ. ಗಾಳಿ ಕಡಮೆಯಾದರೆ ಬಾಗುವಿಕೆ ಹೆಚ್ಚು, ಶಾಖವೂ ಹೆಚ್ಚು. ಶಾಖ ಮಿತಿಮೀರಿದರೆ ಪದರಗಳು ಬಿಟ್ಟುಕೊಂಡು ಟೈರು ಸಿಡಿಯಬಹುದು. ಅಕ್ಷರ ಸೂಚಿಸುವ ವೇಗವಾದರೋ ಸರಿಯಾದ ಗಾಳಿ, ನಿಗದಿಯಾದ ಭಾರಗಳೊಡನೆ ಹೊಸ ಟೈರಿನ ಮೇಲೆ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ್ದು. ಬೇಸಗೆಯ ರಸ್ತೆಯಲ್ಲಿ ತುಂಬಿದ ಕಾರನ್ನು ಹೊತ್ತು ಓಡುವ ತೇಪೆಯ ಟೈರಿಗೆ ಆ ಭರವಸೆ ಪೂರ್ಣವಾಗಿ ಅನ್ವಯಿಸದು.

ಆದುದರಿಂದ ಕಾರಿನ ಕೈಪಿಡಿಯಲ್ಲಿ ವಿಧಿಸಿದ ವೇಗಕ್ಕಿಂತ ಕೆಳಗಿನ ಅಕ್ಷರದ ಟೈರನ್ನು ಕೊಳ್ಳಬಾರದೆಂಬುದು ನಮ್ಮ ಅಭಿಪ್ರಾಯ. ಹೆಚ್ಚಿನ ಆ ಅಂತರವನ್ನು ಆಪತ್ಕಾಲಕ್ಕೆಂದು ಕಾದಿರಿಸಿದ ಬಲವೆಂದು ತಿಳಿಯತಕ್ಕದ್ದು. ಅತಿವೇಗಕ್ಕೆ ದೊರೆತ ಪರವಾನಗಿಯೆಂದು ಭಾವಿಸಲಾಗದು. ಗಾಳಿಯ ಒತ್ತಡವನ್ನು ತಿಂಗಳಿಗೊಮ್ಮೆಯಾದರೂ ಅಳೆಯದವನನ್ನು ಯಾವ ಅಕ್ಷರವೂ ಕಾಯಲಾರದು. ಮನೆಯಲ್ಲಿ ಕಾರುಳ್ಳ ವಿದ್ಯಾರ್ಥಿಗಳು ಕೈಪಿಡಿಯನ್ನೂ ಟೈರನ್ನೂ ಒಮ್ಮೆ ಹೋಲಿಸಿ ನೋಡಲಿ.