ಲಹರಿಯ ಆಟಗಾರನಿಗೊಂದು ವಕಾಲತ್ತು

ಆಟಗಾರರಲ್ಲಿ ಎರಡು ಜಾತಿ. ಒಬ್ಬ ದಿನವೂ ಅಳತೆ ತಪ್ಪದೆ ಹಾಲು ಕೊಡುವ ಎಮ್ಮೆಯಂಥವನು. ಇಂದು ಎಷ್ಟೋ ನಾಳೆಯೂ ಅಷ್ಟೇ. ಇನ್ನೊಬ್ಬ ಲಹರಿಯವನು. ಲಹರಿ ಬಂದ ದಿನ ಅವನು ಮುಟ್ಟಿದ್ದೆಲ್ಲ ಚಿನ್ನ. ಬಾರದ ದಿನ ಎದುರಿಗಿದ್ದ ಬಾಗಿಲೂ ಅವನಿಗೆ ಕಾಣದು. ಮೊದಲನೆಯವನಿಗೆ ವಕೀಲರ ಅಗತ್ಯವಿಲ್ಲ. ಶಾಲೆಯ ಮೇಷ್ಟರಿಂದ ಹಿಡಿದು ದೇಶದ ಆಯ್ಕೆ ಸಮಿತಿಯವರೆಗೆ ಎಲ್ಲರೂ ಅವನ ಪಕ್ಷವೇ. ಎರಡನೆಯವನ ಪರವಾಗಿ ಇಲ್ಲಿ ನಾನು ವಕಾಲತ್ತು ಹಾಕುತ್ತಿದ್ದೇನೆ. ಫೀಜಿನ ಆಸೆಯಿಂದಲ್ಲ, ಅನ್ಯಾಯ ಕಂಡು.

ನಾನಿರುವುದು ಯಾದಗಿರಿಯ ಹತ್ತಿರದ ಹತ್ತಿಕುಣಿಯಲ್ಲಿ. ಊರಿಗೆ ಒಂದು ಜಲಾಶಯವುಂಟು. ಸುತ್ತ ತೊಗರಿ, ಹತ್ತಿ, ಜೋಳದ ಹೊಲಗಳುಂಟು. ಬ್ಯಾಸ್ಕೆಟ್ ಬಾಲಿಗೆ ಹೆಸರಾದ ಊರು ನಮ್ಮದೆಂದು ಜಂಬ ಕೊಚ್ಚಲಾರೆ. ಆದರೆ ಆ ಆಟದ ಒಂದು ಆಯ್ಕೆಯನ್ನು ನೋಡುವ ಪ್ರಸಂಗ ನನಗೆ ಒದಗಿತ್ತು. ದೂರದಿಂದ ಚೆಂಡೆಸೆಯುವುದರಲ್ಲಿ ಕೈಪಳಗಿದ ಹುಡುಗನೊಬ್ಬನನ್ನು "ಅವನನ್ನು ನಂಬುವ ಹಾಗಿಲ್ಲ" ಎಂಬ ಒಂದೇ ಮಾತಿನಿಂದ ಕೈಬಿಟ್ಟರು. ಅವನು ಎಂಥ ಹೊತ್ತಿನಲ್ಲಿ, ಎಂಥ ಜಾಗದಿಂದ ಎಸೆಯುತ್ತಾನೆ ಎಂದು ಯಾರೂ ಕೇಳಲಿಲ್ಲ. ಎಷ್ಟು ಎಸೆದ, ಎಷ್ಟು ಬಿದ್ದವು, ಭಾಗಿಸಿದರೆ ಎಷ್ಟು, ಅಲ್ಲಿಗೆ ಮುಗಿಯಿತು ವಿಚಾರಣೆ. ಊರು ಹೆಸರುಗಳು ಇಲ್ಲಿ ಬೇಡ. ಇಂಥ ತೀರ್ಪು ಒಂದೇ ಊರಿನದಲ್ಲ.

ಸರಾಸರಿಯ ಪಂಡಿತರ ವಾದವನ್ನು ಮೊದಲು ಅವರದೇ ಲೆಕ್ಕದಿಂದ ನೋಡೋಣ. ಅಮೆರಿಕದ ಎನ್.ಬಿ.ಎ. ಪಂದ್ಯಾವಳಿಯಲ್ಲಿ 1979ರಿಂದ ದೂರದ ಗೆರೆಯಾಚೆಯಿಂದ ಹಾಕಿದ ಚೆಂಡಿಗೆ ಎರಡರ ಬದಲು ಮೂರು ಅಂಕ. ಇಂದು ಎಲ್ಲ ಕಡೆಯೂ ಅದೇ ನಿಯಮ. ಹಾಗಾದರೆ ದೂರದಿಂದ ಮೂರಕ್ಕೆ ಒಂದು ಹಾಕುವವನೂ ಹತ್ತಿರದಿಂದ ಎರಡಕ್ಕೆ ಒಂದು ಹಾಕುವವನೂ ತಂಡಕ್ಕೆ ತರುವ ಅಂಕ ಸಮವೇ: ಆರು ಎಸೆತಕ್ಕೆ ಆರು. ಆದರೆ ನೋಡುವವರ ಕಣ್ಣಿಗೆ ಮೊದಲನೆಯವನು ಆರರಲ್ಲಿ ನಾಲ್ಕು ತಪ್ಪಿಸಿದ ಅಪರಾಧಿ. ಎರಡನೆಯವನು ಮೂರು ಹಾಕಿದ ಸದ್ಗೃಹಸ್ಥ. ಇಬ್ಬರೂ ತಂದದ್ದು ಅಷ್ಟೇ ಅಂಕವೆಂದು ಎಷ್ಟು ಜನ ಎಣಿಸಿ ನೋಡುತ್ತಾರೆ?

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯವಾದುದು. ನಮ್ಮದು ಬಡ ತಂಡ, ಎದುರಿನದು ಪಟ್ಟಣದ ಬಲವಾದ ತಂಡವೆನ್ನಿ. ನಮ್ಮಲ್ಲೊಬ್ಬ ಪಂದ್ಯಕ್ಕೆ ತಪ್ಪದೆ ಹದಿನೈದು ಅಂಕ ಹಾಕುತ್ತಾನೆ. ಅಷ್ಟಾದರೂ ನಾವು ಹತ್ತು ಅಂಕಗಳಿಂದ ಸೋಲುತ್ತೇವೆ. ನೂರು ಸಲ ಆಡಿದರೂ ಅದೇ ಗೌರವಯುತವಾದ ಸೋಲು. ಅವನ ಜಾಗದಲ್ಲಿ ಒಂದು ದಿನ ಮೂವತ್ತು, ಇನ್ನೊಂದು ದಿನ ಸೊನ್ನೆ ಹಾಕುವವನನ್ನು ನಿಲ್ಲಿಸಿರಿ. ಸರಾಸರಿ ಅದೇ ಹದಿನೈದು. ಸೊನ್ನೆಯ ದಿನ ಇಪ್ಪತ್ತೈದರಿಂದ ಸೋಲುತ್ತೇವೆ. ಮೂವತ್ತರ ದಿನ ಐದರಿಂದ ಗೆಲ್ಲುತ್ತೇವೆ! ಪುಸ್ತಕದಲ್ಲಿ ಇಬ್ಬರೂ ಒಂದೇ. ಅಂಗಣದಲ್ಲಿ ಒಬ್ಬನಿಂದ ಗೆಲುವುಂಟು, ಇನ್ನೊಬ್ಬನಿಂದ ಇಲ್ಲ. ಬಲವಂತನಿಗೆ ಏರಿಳಿತ ಬೇಡ ನಿಜ, ಇದ್ದ ಹಾಗೇ ಇದ್ದರೂ ಅವನು ಗೆಲ್ಲುತ್ತಾನೆ. ಬಲಹೀನನಿಗೆ ಏರಿಳಿತವಲ್ಲದೆ ಬೇರೆ ಆಯುಧವಾದರೂ ಯಾವುದು?

ಇದು ಕಾಗದದ ಮೇಲಿನ ಕಸರತ್ತೆಂದು ತಳ್ಳಿಹಾಕುವವರಿಗೆ ಕನ್ನಡ ನಾಡಿನಿಂದಲೇ ಸಾಕ್ಷಿಯನ್ನು ಕರೆಯುತ್ತೇನೆ. ಆಟ ಬೇರೆ, ವ್ಯಾಜ್ಯ ಒಂದೇ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರರನ್ನು ಬಲ್ಲದ ಕ್ರಿಕೆಟ್ ಪ್ರೇಮಿ ಇದ್ದಾನೆಯೇ? ಬಾಲ್ಯದಲ್ಲಿ ಪೋಲಿಯೋ ತಗುಲಿ ಬಡವಾದ ಅದೇ ಬಲಗೈಯಿಂದ ಅವರು ಸ್ಪಿನ್ ಎಸೆದರು, ಅದೂ ಮಧ್ಯಮ ವೇಗದ ಬೌಲರಿನಷ್ಟು ಬಿರುಸಾಗಿ. ಅವರ ಗೂಗ್ಲಿ, ಟಾಪ್ ಸ್ಪಿನ್ನುಗಳ ಮುಂದೆ ಒಂದು ದಿನ ಜಗತ್ತಿನ ಮೊದಲ ದರ್ಜೆಯ ದಾಂಡಿಗರು ಕುರುಡರಾಗುತ್ತಿದ್ದರು. ಇನ್ನೊಂದು ದಿನ ಚೆಂಡು ಬೌಂಡರಿಗೆ ಓಡುತ್ತಿತ್ತು. ಬೇಡಿಯವರ ಹಾಗೆ ಗಡಿಯಾರದ ಮುಳ್ಳಿನಂತೆ ಒಂದೇ ಜಾಗದಲ್ಲಿ ಚೆಂಡಿಳಿಸುವುದು ಅವರ ಜಾಯಮಾನವಲ್ಲ.

ಇಂಥವರನ್ನು ಆಯ್ಕೆಗಾರರು ಏನು ಮಾಡಿದರು? 1968ರಿಂದ 1971ರ ಬೇಸಿಗೆಯವರೆಗೆ ಅವರು ಟೆಸ್ಟ್ ಆಡಲಿಲ್ಲ. 1971ರ ಮೊದಲ ತಿಂಗಳುಗಳ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಅವರು ಹೋಗಲಿಲ್ಲ. ಅದೇ ವರ್ಷ ಇಂಗ್ಲೆಂಡಿಗೆ ಅವರನ್ನು ಕರೆದೊಯ್ದಾಗ ಆಯ್ಕೆ ಸಮಿತಿಯ ಅಧ್ಯಕ್ಷ ವಿಜಯ ಮರ್ಚಂಟರು ಅದನ್ನು ಲೆಕ್ಕ ಹಾಕಿ ಆಡಿದ ಜೂಜೆಂದೇ ಕರೆದರು. ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡು ಮೊದಲ ಸರದಿಯಲ್ಲಿ 71 ಓಟಗಳ ಮುನ್ನಡೆ ಪಡೆದಿತ್ತು. ಎರಡನೆಯ ಸರದಿಯಲ್ಲಿ ಚಂದ್ರ 38 ಓಟಗಳಿಗೆ 6 ವಿಕೆಟ್ಟು ಕಿತ್ತರು. ಇಂಗ್ಲೆಂಡು 101ಕ್ಕೆ ಮುಗಿಯಿತು. ಭಾರತ ನಾಲ್ಕು ವಿಕೆಟ್ಟುಗಳಿಂದ ಗೆದ್ದು ಆ ನೆಲದಲ್ಲಿ ಮೊತ್ತಮೊದಲ ಸರಣಿಯನ್ನು ತನ್ನದಾಗಿಸಿತು. ಮುಂದೆ ಮೆಲ್ಬರ್ನ್. 1977ರ ಕೊನೆಗೆ ಆರಂಭವಾಗಿ 1978ರ ಜನವರಿಯಲ್ಲಿ ಮುಗಿದ ಆ ಟೆಸ್ಟಿನಲ್ಲಿ ಎರಡೂ ಸರದಿಯಲ್ಲಿ 52 ಓಟಗಳಿಗೆ 6 ವಿಕೆಟ್ಟು. ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಜಯ ಅದು.

ಈಗ ಸರಾಸರಿಗೆ ಬನ್ನಿ. 58 ಟೆಸ್ಟುಗಳಲ್ಲಿ 242 ವಿಕೆಟ್ಟು, ಒಂದೊಂದಕ್ಕೆ 29.74 ಓಟ. "ಪರವಾಗಿಲ್ಲ, ಸಾಧಾರಣ" ಎಂದು ಪಂಡಿತರು ಪುಸ್ತಕ ಮಡಿಸುತ್ತಾರೆ. ತಾಳಿ, ಅದನ್ನು ಬಿಡಿಸಿ ನೋಡಿ. ಅವರು ಆಡಿದ ಪಂದ್ಯಗಳಲ್ಲಿ ಭಾರತ ಗೆದ್ದದ್ದು 14. ಆ ಹದಿನಾಲ್ಕರಲ್ಲಿ ಅವರಿಗೆ 98 ವಿಕೆಟ್ಟು, ಪಂದ್ಯಕ್ಕೆ ಸರಿಯಾಗಿ ಏಳು, ಸರಾಸರಿ 19.27. ಉಳಿದ 44 ಪಂದ್ಯಗಳಲ್ಲಿ 144 ವಿಕೆಟ್ಟು, ಪಂದ್ಯಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು. ಸರಾಸರಿ 37ರ ಹತ್ತಿರ. ಅಂದರೆ 29.74 ಎಂಬ ಹೆಸರಿನ ಬೌಲರು ಎಂದೂ ಮೈದಾನಕ್ಕೆ ಇಳಿಯಲೇ ಇಲ್ಲ! ಇಳಿದವರು ಇಬ್ಬರು ಬೇರೆ ಬೇರೆ ಚಂದ್ರಶೇಖರರು.

ಎದುರು ಪಕ್ಷದ ವಕೀಲರು ಇಲ್ಲಿ ಎದ್ದು ನಿಲ್ಲುತ್ತಾರೆಂದು ಬಲ್ಲೆ. ತಂಡ ಗೆದ್ದ ಪಂದ್ಯಗಳಲ್ಲಿ ಯಾವ ಬೌಲರಿನ ಲೆಕ್ಕ ತಾನೆ ಚೆನ್ನಾಗಿರುವುದಿಲ್ಲ? ಒಪ್ಪಿದೆ. ಆ ಅಂತರವೆಲ್ಲ ಚಂದ್ರರ ಪುಣ್ಯವೇ ಎಂದು ನಾನು ವಾದಿಸುವುದಿಲ್ಲ. ಅವರ ಕೊನೆಯ ಟೆಸ್ಟಿನಲ್ಲಿ, 1979ರ ಬರ್ಮಿಂಗ್‌ಹ್ಯಾಮಿನಲ್ಲಿ, 113 ಓಟ ತೆತ್ತು ಒಂದೂ ವಿಕೆಟ್ಟು ಸಿಗಲಿಲ್ಲವೆಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಓವಲ್ಲಿನಲ್ಲಿ 71 ಓಟ ಹಿಂದೆ ಬಿದ್ದಿದ್ದ ತಂಡವನ್ನು ಎತ್ತಿದ್ದು ಗೆಲುವಿನ ಗಾಳಿಯಲ್ಲ, ಆ ಕೈ. ಪರದೇಶದಲ್ಲಿ ಗೆಲ್ಲುವುದನ್ನು ಇನ್ನೂ ಕಲಿಯುತ್ತಿದ್ದ ತಂಡಕ್ಕೆ ಗೌರವಯುತ ಸೋಲಿನಿಂದ ಪಾರಾಗಲು ಇಂಥ ಕೈಯೇ ಬೇಕಾಗಿತ್ತು.

ಇಷ್ಟು ಹೇಳಿದ ಮೇಲೆ ನನ್ನ ಕಕ್ಷಿದಾರನ ಕುರುಡು ಭಕ್ತರಿಗೂ ಎರಡು ಮಾತು ಹೇಳಬೇಕು. ಅವರು ಪಂಡಿತರಿಗಿಂತ ಅಪಾಯಕಾರಿಗಳು. "ಈ ಹೊತ್ತು ಅವನ ಕೈ ಬಿಸಿಯಾಗಿದೆ, ಎಲ್ಲಿಂದಾದರೂ ಎಸೆಯಲಿ" ಎನ್ನುವವರು ಇವರೇ. ಈ ಬಿಸಿಗೈಯ ನಂಬಿಕೆಯನ್ನು ಪಂಡಿತರು ಬಿಡದೆ ಪರೀಕ್ಷಿಸಿದ್ದಾರೆ. 1985ರಲ್ಲಿ ಗಿಲೊವಿಚ್, ವಲೋನ್, ಟ್ವೆರ್ಸ್ಕಿ ಎಂಬ ಮೂವರು ಫಿಲಡೆಲ್ಫಿಯ ತಂಡದ ಲೆಕ್ಕಗಳನ್ನು ಜಾಲಾಡಿ, ಹಿಂದಿನ ಎಸೆತ ಬಿದ್ದಿತೆಂದು ಮುಂದಿನದು ಬೀಳುವ ಸಂಭವ ಹೆಚ್ಚುವುದಿಲ್ಲ, ಅದು ಬರಿಯ ಭ್ರಮೆ ಎಂದರು. 2018ರಲ್ಲಿ ಮಿಲ್ಲರ್ ಮತ್ತು ಸಂಹುರ್ಹೊ ಎಂಬಿಬ್ಬರು ಆ ಎಣಿಕೆಯ ಕ್ರಮದಲ್ಲೇ ಸೂಕ್ಷ್ಮವಾದ ದೋಷವಿದೆ, ಅದನ್ನು ತಿದ್ದಿದರೆ ಬಿಸಿ ಸ್ವಲ್ಪ ಕಾಣುತ್ತದೆಂದು ತೋರಿಸಿದರು. ಇವೆರಡರ ನಡುವೆ 2014ರಲ್ಲಿ ಹಾರ್ವರ್ಡಿನ ಮೂವರು ಹೊರಗೆಡಹಿದ ಸಂಗತಿಯೇ ನಮ್ಮ ವ್ಯಾಜ್ಯದ ತಿರುಳು. ಒಂದೆರಡು ಎಸೆತ ಬಿದ್ದೊಡನೆ ಆಟಗಾರ ಇನ್ನೂ ದೂರದಿಂದ, ಇನ್ನೂ ಕಷ್ಟದ ಎಸೆತಕ್ಕೆ ಕೈಹಾಕುತ್ತಾನೆ; ಎದುರಾಳಿಯೂ ಅವನ ಮೈಮೇಲೆ ಬರುತ್ತಾನೆ. ಬಿಸಿಯಿಂದ ಬರುವ ಲಾಭ ಶೇಕಡ ಒಂದೆರಡರಷ್ಟು. ಅವಿವೇಕದ ಆಯ್ಕೆಯಿಂದ ಆಗುವ ನಷ್ಟ ಅದನ್ನು ನುಂಗಿ ನೀರು ಕುಡಿಯಬಲ್ಲದು.

ಆದ್ದರಿಂದ ನಾನು ಒಂದು ಗೆರೆ ಎಳೆಯುತ್ತೇನೆ. ಫಲದ ಏರಿಳಿತ ಬೇರೆ, ಆಯ್ಕೆಯ ಏರಿಳಿತ ಬೇರೆ. ತನ್ನ ಜಾಗದಲ್ಲಿ ಕಾಲೂರಿ, ಎದುರು ಯಾರೂ ಇಲ್ಲದಾಗ, ಜೊತೆಗಾರ ಕೊಟ್ಟ ಚೆಂಡನ್ನು ಎಸೆದು ತಪ್ಪಿದರೆ ಅದು ತಪ್ಪಲ್ಲ. ಐದು ಸಲ ತಪ್ಪಿದರೂ ಆರನೆಯದನ್ನು ಅವನು ಎಸೆಯಲೇಬೇಕು. ಹೆದರಿ ಕೈಕಟ್ಟಿ ನಿಂತರೆ ಎದುರಾಳಿ ಅವನನ್ನು ಬಿಟ್ಟು ಉಳಿದ ನಾಲ್ವರನ್ನು ಮುತ್ತುತ್ತಾನೆ. ಆದರೆ ಇಬ್ಬರು ಅಡ್ಡಗಟ್ಟಿರುವಾಗ, ಪಕ್ಕದಲ್ಲಿ ಜೊತೆಗಾರ ಬರಿದಾಗಿ ನಿಂತಿರುವಾಗ, ಹಿಂದಿನದು ಬಿತ್ತೆಂಬ ಅಮಲಿನಲ್ಲಿ ಎಸೆದದ್ದು ಬುಟ್ಟಿಗೆ ಬಿದ್ದರೂ ತಪ್ಪೇ. ಮೊದಲನೆಯದಕ್ಕೆ ಶಿಕ್ಷೆ ಕೊಡುವ, ಎರಡನೆಯದಕ್ಕೆ ಚಪ್ಪಾಳೆ ತಟ್ಟುವ ನಮ್ಮ ಪದ್ಧತಿಯೇ ತಲೆಕೆಳಗು.

ಇನ್ನೊಂದು ಹೊಣೆ ಅವನದಲ್ಲ, ತಂಡದ್ದು. ಫಿಲಡೆಲ್ಫಿಯದ ಆಂಡ್ರೂ ಟೋನಿ ಹೆಸರಾಂತ ಲಹರಿಯ ಎಸೆಗಾರ. 1982ರಲ್ಲಿ ಬಾಸ್ಟನ್ ತಂಡದ ಮೇಲೆ, ಅವರದೇ ಅಂಗಣದಲ್ಲಿ, ಸರಣಿಯ ನಿರ್ಣಾಯಕವಾದ ಏಳನೆಯ ಪಂದ್ಯದಲ್ಲಿ 34 ಅಂಕ ಹಾಕಿ ಗೆಲ್ಲಿಸಿದವನು. ಮರುವರ್ಷ ಆ ತಂಡ ಪ್ರಶಸ್ತಿಯನ್ನೇ ಗೆದ್ದಾಗ ಬುಟ್ಟಿಯ ಕೆಳಗೆ ಮೋಸೆಸ್ ಮಲೋನ್ ಇದ್ದ, ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದರಲ್ಲಿ ಅಸಾಧ್ಯ ಗಟ್ಟಿಗ. ತಪ್ಪಿದ್ದು ಹೀಗೆ ಕೈಗೆ ಮರಳುವಾಗ ಎಸೆಯುವವನ ಧೈರ್ಯ ತಂಡಕ್ಕೆ ದುಬಾರಿಯಲ್ಲ. ಚಂದ್ರರ ಬೆನ್ನಿಗೂ ಒಂದು ಕಡೆ ಓಟ ಬಿಗಿಹಿಡಿಯುವ ಬೇಡಿ, ಪ್ರಸನ್ನ, ವೆಂಕಟರಾಘವನ್ ಇದ್ದರು. ದಾಂಡಿನ ಅಂಚಿನಲ್ಲೇ ಕೂತ ಸೋಲ್ಕರ್ ಇದ್ದರು. 1975ರ ಹೊಸ ವರ್ಷದ ಹೊತ್ತಿಗೆ ಕಲ್ಕತ್ತೆಯಲ್ಲಿ ವೆಸ್ಟ್ ಇಂಡೀಸಿನ ದಾಂಡಿಗರು ಚಂದ್ರರನ್ನು ಚಚ್ಚುತ್ತಿದ್ದರೂ ನಾಯಕ ಪಟೌಡಿ ಅವರ ಕೈಯಿಂದ ಚೆಂಡು ಕಿತ್ತುಕೊಳ್ಳಲಿಲ್ಲ. ಅದೇ ಚಂದ್ರ ಲಾಯ್ಡರನ್ನು ಕೆಡವಿದರು. ಭಾರತ 85 ಓಟಗಳಿಂದ ಗೆದ್ದಿತು. ಸ್ಥಿರ ಆಟಗಾರರ ಬೆಲೆಯನ್ನು ನಾನು ತಗ್ಗಿಸುತ್ತಿಲ್ಲ. ಅವರಿರುವುದರಿಂದಲೇ ತಂಡ ಒಬ್ಬ ಲಹರಿಯವನನ್ನು ಸಾಕಬಲ್ಲದು. ಐದು ಮಂದಿಯೂ ಲಹರಿಯವರಾದರೆ ಅದು ತಂಡವಲ್ಲ, ಜಾತ್ರೆ.

ನಮ್ಮ ಹತ್ತಿಕುಣಿಯ ಕಡೆ ಮಳೆಯನ್ನು ನೆಚ್ಚಿ ತೊಗರಿ ಬಿತ್ತುವ ರೈತರೊಬ್ಬರ ಮುಂದೆ ನಾನು ಈ ಸರಾಸರಿಯ ಮಾತೆತ್ತಿದೆ. ಅವರೆಂದರು: "ಸರಾಸರಿ ಮಳಿ ಹೊಲಕ್ಕ ಬೀಳಂಗಿಲ್ರೀ ಸರ, ಕಾಗದದ ಮ್ಯಾಲ ಬೀಳ್ತದ. ನಮಗ ಹದಕ್ಕ ಬಂದಿದ್ದ ಮಳಿ." ಈ ತಿಳಿವಳಿಕೆ ಆಯ್ಕೆಯ ಮೇಜಿನವರೆಗೆ ಯಾಕೆ ತಲುಪಿಲ್ಲ? ಆ ರೈತ ಒಂದು ವರ್ಷ ಮಳೆ ಕೈಕೊಟ್ಟಿತೆಂದು ಬಿತ್ತುವುದನ್ನು ಬಿಡುವುದಿಲ್ಲ. ಒಂದು ವರ್ಷ ಸುರಿಯಿತೆಂದು ಬಂಡೆಯ ಮೇಲೂ ಬೀಜ ಚೆಲ್ಲುವುದಿಲ್ಲ. ನೆಲ, ಹೊತ್ತು ನೋಡಿ ಕೈಬೀಸುತ್ತಾನೆ. ಎಸೆಗಾರನ ಆಯ್ಕೆಯೆಂದರೂ ಇಷ್ಟೇ.

ನನ್ನ ಕೋರಿಕೆ ದೊಡ್ಡದಲ್ಲ. ಮಕ್ಕಳ ತಂಡಗಳನ್ನು ಆರಿಸುವ ಮಹನೀಯರು ಎಷ್ಟು ಬಿದ್ದವು ಎಂಬ ಕಲಮಿನ ಪಕ್ಕದಲ್ಲಿ ಇನ್ನೊಂದು ಕಲಮನ್ನು ಎಳೆಯಲಿ: ಎಸೆಯಬೇಕಾದ ಹೊತ್ತಿನಲ್ಲಿ ಎಸೆದನೆ, ಕೊಡಬೇಕಾದ ಹೊತ್ತಿನಲ್ಲಿ ಕೊಟ್ಟನೆ? ಆ ಕಲಮಿನಲ್ಲಿ ಸೋತವನನ್ನು ಮುಲಾಜಿಲ್ಲದೆ ಹೊರಗಿಡಲಿ. ಅವನ ಪರವಾಗಿ ನಾನು ಬರುವುದಿಲ್ಲ. ಗೆದ್ದವನನ್ನು ನಾಲ್ಕು ಎಸೆತ ತಪ್ಪಿದವೆಂದು ಅಟ್ಟದಿರಲಿ. ಪಟ್ಟಣದ ಶ್ರೀಮಂತ ತಂಡಗಳು ಒಬ್ಬ ಲಹರಿಯವನನ್ನು ಕಳೆದುಕೊಂಡರೂ ಬದುಕಿಕೊಳ್ಳುತ್ತವೆ. ಹಿಂದುಳಿದ ಜಿಲ್ಲೆಯ ಮಕ್ಕಳ ತಂಡ ಅವನನ್ನು ಬೆಂಚಿನ ಮೇಲೆ ಕೂಡಿಸಿದ ದಿನ ತನ್ನ ಗೆಲುವನ್ನೇ ಬೆಂಚಿನ ಮೇಲೆ ಕೂಡಿಸಿದಂತೆ.