ಸಮ ಅಂಕ ಬಂದರೂ ಸಮ ಬಹುಮಾನ ಯಾಕಿಲ್ಲ?

ಅರಳಿಕಟ್ಟೆಯ ಚದುರಂಗದಲ್ಲಿ ಗೆದ್ದವನು ಗೆದ್ದ, ಸೋತವನು ಸೋತ. ಅಲ್ಲಿಗೆ ಮಾತು ಮುಗೀತು. ಮೊಬೈಲಿನ ಪಂದ್ಯಾವಳಿ ಹಾಗಲ್ಲ. ಐದು ಸುತ್ತು ಮುಗಿದಾಗ ಇಬ್ಬರು ಹುಡುಗರಿಗೆ ತಲಾ 4 ಅಂಕ. ಒಬ್ಬನಿಗೆ ಬಹುಮಾನ, ಇನ್ನೊಬ್ಬನಿಗೆ ಬರೀ ಸರ್ಟಿಫಿಕೇಟು. 'ಇದೇನ್ ಸ್ವಾಮಿ, ಹಾಡುಹಗಲೇ ಮೋಸ!' ಎಂದು ಮನೆಯವರು ವ್ಯವಸ್ಥಾಪಕರ ಮೇಲೆ ಹರಿಹಾಯುತ್ತಾರೆ.

ಮೋಸವಲ್ಲ, ಅದು ಟೈಬ್ರೇಕ್. ಸ್ವಿಸ್ ಪದ್ಧತಿಯಲ್ಲಿ ಎಲ್ಲರೂ ಎಲ್ಲರ ಜೊತೆ ಆಡುವುದಿಲ್ಲ. ಒಬ್ಬನಿಗೆ ಗಟ್ಟಿ ಎದುರಾಳಿ, ಮತ್ತೊಬ್ಬನಿಗೆ ಮೆದು ಎದುರಾಳಿ ಸಿಗಬಹುದು. ಆದ್ದರಿಂದ ಬುಕೋಲ್ಟ್ಜ್ ಎಂಬ ಲೆಕ್ಕದಲ್ಲಿ ಎದುರಾಳಿಗಳು ಒಟ್ಟು ಗಳಿಸಿದ ಅಂಕಗಳನ್ನು ಕೂಡುತ್ತಾರೆ. ಮೊದಲನೆಯ ಹುಡುಗನ ಐವರು ಎದುರಾಳಿಗಳು 3, 3, 2½, 2½, 2 ಗಳಿಸಿದ್ದರೆ ಮೊತ್ತ 13. ಎರಡನೆಯವನ ಎದುರಾಳಿಗಳದು 3, 2, 2, 1½, 1 ಆದರೆ 9½. ಗಟ್ಟಿಗರ ಜೊತೆ ಸೆಣಸಿ 4 ಅಂಕ ತಂದವನು ಮೇಲೆ. ಎದುರಾಳಿ ನಡುವೆಯೇ ಆಟ ಬಿಟ್ಟು ಎದ್ದುಹೋದರೆ ಪಾಪ, ಇವನ ಮೊತ್ತ ಇಳಿಯುತ್ತದೆ. ಅದಕ್ಕೇ ಕೆಲವೆಡೆ ಅತಿ ಕಡಿಮೆ ಅಂಕದ ಒಬ್ಬನನ್ನು ಲೆಕ್ಕದಿಂದ ಕೈಬಿಡುವುದುಂಟು. ಸೋನ್ನೆಬಾರ್ನ್-ಬರ್ಗರ್ ಎಂಬ ಇನ್ನೊಂದು ಲೆಕ್ಕದಲ್ಲಿ ಸೋಲಿಸಿದವರ ಅಂಕ ಪೂರ್ತಿ, ಡ್ರಾ ಆದವರದು ಅರ್ಧ. 'ಅರೀನಾ' ಎಂಬ ಗಡಿಬಿಡಿ ಪಂದ್ಯಗಳದು ಬೇರೆಯೇ ರಾಗ. ಲಿಚೆಸ್‌ನಲ್ಲಿ ಗೆಲುವಿಗೆ 2 ಅಂಕ, ಸತತ ಎರಡು ಗೆದ್ದವನಿಗೆ ಮುಂದಿನ ಆಟದಿಂದ ದುಪ್ಪಟ್ಟು.

ಇಷ್ಟನ್ನು ಆಟಕ್ಕೆ ಮುಂಚೆಯೇ ಕನ್ನಡದಲ್ಲಿ ಹೇಳಿಬಿಟ್ಟರೆ ಅರ್ಧ ಜಗಳ ತಪ್ಪುತ್ತದೆ. ಆದರೆ ಸರಗೂರಿನಂಥ ಕಾಡಂಚಿನ ತಾಲೂಕಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯಿದೆ. ಆಟದ ಮಧ್ಯೆ ನೆಟ್‌ವರ್ಕ್ ಕೈಕೊಟ್ಟರೆ?

ಗಡಿಯಾರ ನಿಲ್ಲುವುದಿಲ್ಲ. ಗೆಲ್ಲುವ ಆಟವೂ ಸಮಯ ಮುಗಿದು ಸೋಲಾಗುತ್ತದೆ. 2020ರ ಆನ್‌ಲೈನ್ ಒಲಿಂಪಿಯಾಡ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಭಾರತದ ವಿರುದ್ಧ ಆಡುತ್ತಿದ್ದ ಅರ್ಮೇನಿಯಾದ ಆಟಗಾರನ ಸಂಪರ್ಕ ಕಡಿದುಹೋಯಿತು. ಮೇಲ್ಮನವಿ ತಿರಸ್ಕೃತವಾಗಿ ಆ ತಂಡ ಸಿಟ್ಟಿನಿಂದ ಪಂದ್ಯಾವಳಿಯನ್ನೇ ಬಿಟ್ಟಿತು. ಅಂದು ನಿಯಮ ಭಾರತದ ಪರ. ಎರಡೇ ದಿನ ಕಳೆದು, ಆಗಸ್ಟ್ 30ರ ಫೈನಲ್‌ನಲ್ಲಿ ರಷ್ಯಾ ಎದುರು ನಿಹಾಲ್ ಸರೀನ್, ದಿವ್ಯಾ ದೇಶಮುಖ್ ಇಬ್ಬರ ಸಂಪರ್ಕವೂ ಹೋಯಿತು. ಅಂದು ಜಗತ್ತಿನ ಹಲವೆಡೆ ಇಂಟರ್ನೆಟ್ಟೇ ಕೆಟ್ಟಿತ್ತೆಂದು ಫಿಡೆ ಎರಡೂ ದೇಶಗಳಿಗೆ ಚಿನ್ನ ಕೊಟ್ಟಿತು.

ಸರಗೂರಿನ ಹುಡುಗಿಯ ಮನೆಯಲ್ಲಿ ಕರೆಂಟು ಹೋದರೆ ಯಾವ ಫಿಡೆಯೂ ಸಭೆ ಸೇರುವುದಿಲ್ಲ. ಪಟ್ಟಣದ ಮಗುವಿಗೆ ವೈಫೈ, ಯುಪಿಎಸ್ಸು. ಹಾಡಿಯ ಮಗುವಿಗೆ ಅಪ್ಪನ ಮೊಬೈಲು, ಒಂದು ಕಡ್ಡಿ ಸಿಗ್ನಲ್ಲು. ನಿಯಮ ಇಬ್ಬರಿಗೂ ಒಂದೇ, ಆಟದ ಮೈದಾನ ಮಾತ್ರ ಒಂದಲ್ಲ.

ಇದಕ್ಕೆ ದಾರಿಯಿಲ್ಲವೆಂದಲ್ಲ. ಮಕ್ಕಳನ್ನು ಒಂದು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಸೇರಿಸಿ, ಒಂದು ಒಳ್ಳೆ ಲೈನು, ಒಂದು ಯುಪಿಎಸ್, ಒಬ್ಬ ತೀರ್ಪುಗಾರನನ್ನು ಇಟ್ಟು ಆಡಿಸಬಹುದು. ಹೀಗೆ ಮಾಡಿದರೆ ಕಂಪ್ಯೂಟರಿನ ಸಹಾಯ ಪಡೆದು ಆಡುವ ಕಳ್ಳಾಟಕ್ಕೂ ಕಡಿವಾಣ. ಆ ಚಾಳಿ ದೊಡ್ಡವರನ್ನೂ ಬಿಟ್ಟಿಲ್ಲ ನೋಡಿ: 2021ರ ಜೂನ್‌ನಲ್ಲಿ ಕೋವಿಡ್ ನೆರವಿನ ಪಂದ್ಯದಲ್ಲಿ ವಿಶ್ವನಾಥನ್ ಆನಂದ್ ಅವರನ್ನೇ 'ಸೋಲಿಸಿದ' ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್, ಕಂಪ್ಯೂಟರಿನ ಸಹಾಯ ಪಡೆದದ್ದನ್ನು ಮರುದಿನ ಒಪ್ಪಿ ಕ್ಷಮೆ ಕೇಳಿದರು.

2017ರಲ್ಲಿ ಕರ್ನಾಟಕದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದ ತೇಜ್‌ಕುಮಾರ್ ಇದೇ ಮೈಸೂರಿನವರು. ಜಿಲ್ಲೆಯ ಇನ್ನೊಂದು ತುದಿಯಿಂದ ಮತ್ತೊಬ್ಬರು ಬರಬಾರದೆಂದೇನೂ ಇಲ್ಲವಲ್ಲ.

ಪಂದ್ಯ ಏರ್ಪಡಿಸುವವರು ಟೈಬ್ರೇಕ್ ಯಾವುದು, ಯಾವ ಕ್ರಮದಲ್ಲಿ, ಸಂಪರ್ಕ ಕಡಿದರೆ ಏನು, ದೂರು ಯಾರಿಗೆ, ಎಷ್ಟು ಹೊತ್ತಿನೊಳಗೆ ಎಂಬುದನ್ನು ಕರಪತ್ರದಲ್ಲೇ ಅಚ್ಚು ಹಾಕಿಸಲಿ. ಪ್ರವೇಶ ಶುಲ್ಕವನ್ನು ದಪ್ಪಕ್ಷರದಲ್ಲಿ ಹಾಕುವವರಿಗೆ ಅದೇ ಕಾಗದದಲ್ಲಿ ಈ ನಾಲ್ಕು ಸಾಲಿಗೂ ಜಾಗ ಸಿಕ್ಕೀತು.